ನಮ್ಮ ಪಾಡ್ದನಕ್ಕೆ ವೀಸಾ ಉಂಟು, ನಮ್ಮ ಮಕ್ಕಳಿಗೆ ಇಲ್ಲ

ಸ್ವಲ್ಪ ಉದ್ದ ಉಂಟು, ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ. ಅರ್ಧ ಓದಿ ಕಮೆಂಟ್ ಹಾಕುವವರಿಗೆ ಈ ಸಲ ನಾನು ಉತ್ತರ ಕೊಡುವುದಿಲ್ಲ.

ಹೊರದೇಶಕ್ಕೆ ಓದಲು ಹೋಗುವ ನಮ್ಮ ಮಕ್ಕಳ ಬಗ್ಗೆ ನಮ್ಮ ವಲಯದಲ್ಲಿ ಎರಡು ತರದ ಮಾತು ನಡೆಯುತ್ತದೆ. ಒಂದು, ಶಾಲು ಹೊದೆಸಿ ಫೋಟೋ ಹಾಕಿ ‘ನಮ್ಮ ಹೆಮ್ಮೆ’ ಅಂತ ಬರೆಯುವುದು. ಅಲ್ಲಿಗೆ ಮುಗಿಯಿತು. ಆ ಹುಡುಗ ಅಥವಾ ಹುಡುಗಿ ಅಲ್ಲಿ ಬಾಡಿಗೆ ಕಟ್ಟಿದ್ದಾರಾ, ಉಂಡಿದ್ದಾರಾ ಅಂತ ಆಮೇಲೆ ಯಾರೂ ಕೇಳುವುದಿಲ್ಲ. ಇನ್ನೊಂದು, ಮೊನ್ನೆ ಮೂಡಬಿದಿರೆಯ ಒಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದು: “ಇಲ್ಲಿ ಹಾಸ್ಟೆಲಿನ ಬಾತ್‌ರೂಮಿಗೆ ಚಿಲಕ ಇಲ್ಲ, ನೀವು ಲಂಡನ್ ಮಾತಾಡ್ತೀರಲ್ಲ ಮಾರಾಯ್ರೆ?” ಅವರ ಸಿಟ್ಟು ನನಗೆ ಅರ್ಥ ಆಗ್ತದೆ. ಆದರೆ ಚಿಲಕವೂ ಬೇಕು, ಲಂಡನ್ನೂ ಬೇಕು. ಒಂದನ್ನು ಕೇಳಿದರೆ ಇನ್ನೊಂದನ್ನು ಬಿಡಬೇಕು ಅಂತ ಬೇರೆ ಯಾವ ಜಾತಿಯ ಸಭೆಯಲ್ಲಿಯೂ ಹೇಳುವುದನ್ನು ನಾನು ಕೇಳಿಲ್ಲ.

ನಾನು ಮಾತಾಡಬೇಕೆಂದಿರುವುದು ಇವೆರಡರ ಬಗ್ಗೆಯೂ ಅಲ್ಲ. ನಮ್ಮ ಮಕ್ಕಳು ಹೊರಗೆ ಹೋಗಿ ಏನು ಓದಬಹುದು, ಏನು ಓದಬಾರದು ಅಂತ ತೀರ್ಮಾನಿಸುವವರು ಯಾರು, ಅದರ ಬಗ್ಗೆ.

ದಲಿತ ಮಕ್ಕಳನ್ನು ಸರ್ಕಾರದ ಹಣದಲ್ಲಿ ವಿದೇಶಕ್ಕೆ ಕಳಿಸುವ ಕೇಂದ್ರದ ಯೋಜನೆ ಇವತ್ತಿನದಲ್ಲ. ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಅಂತ ಅದರ ಹೆಸರು, 1954-55ರಲ್ಲಿ ಶುರುವಾದದ್ದು. ಈಗ ವರ್ಷಕ್ಕೆ 125 ಸೀಟು. ಅದರಲ್ಲಿ 115 ಪರಿಶಿಷ್ಟ ಜಾತಿಗೆ, 6 ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯಗಳಿಗೆ, 4 ಭೂಮಿ ಇಲ್ಲದ ಕೃಷಿ ಕಾರ್ಮಿಕರು ಮತ್ತು ಕುಶಲಕರ್ಮಿಗಳ ಮಕ್ಕಳಿಗೆ. ಇಡೀ ದೇಶಕ್ಕೆ 125! ಪರಿಶಿಷ್ಟ ಪಂಗಡಕ್ಕೆ ಬೇರೆ ಸ್ಕೀಮು, ಅದರಲ್ಲಿ 20. ಆ ಇಪ್ಪತ್ತರಲ್ಲಿ 3 ಮಾತ್ರ ‘ವಿಶೇಷ ದುರ್ಬಲ ಬುಡಕಟ್ಟು’ ಎಂದು ಗುರುತಿಸಿದವರಿಗೆ. ಕರ್ನಾಟಕದಲ್ಲಿ ಅಂಥವರು ಇಬ್ಬರೇ, ಜೇನುಕುರುಬರು ಮತ್ತು ನಮ್ಮ ಕೊರಗರು. ದೇಶದ 75 ಸಮುದಾಯಗಳು ಆ ಮೂರು ಸೀಟಿಗೆ ಕಾಯಬೇಕು.

ಸಂಖ್ಯೆ ಕಡಿಮೆ ಎನ್ನುವುದು ಹಳೆಯ ಜಗಳ. 2022ರ ಫೆಬ್ರವರಿಯಲ್ಲಿ ಹೊಸ ಜಗಳ ಹುಟ್ಟಿತು. ಆ ವರ್ಷದ ಮಾರ್ಗಸೂಚಿಯಲ್ಲಿ ಒಂದು ಸಾಲು ಸೇರಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ, ಇವುಗಳ ಮೇಲೆ ಹೊರದೇಶದಲ್ಲಿ ಅಧ್ಯಯನ ಮಾಡುವವರಿಗೆ ಈ ವೇತನ ಇಲ್ಲ. ಕಾರಣ ಏನು ಕೊಟ್ಟರು ಅಂದರೆ, ಈ ವಿಷಯಗಳಿಗೆ ನಮ್ಮ ದೇಶದಲ್ಲೇ ಪುಸ್ತಕ, ಪ್ರಾಧ್ಯಾಪಕರು ಎಲ್ಲ ಇದ್ದಾರೆ, ಅದಕ್ಕೆ ಹೊರಗೆ ಯಾಕೆ ಹೋಗಬೇಕು ಅಂತ.

ಕೇಳಲಿಕ್ಕೆ ಸರಿ ಅಂತಲೇ ಕಾಣ್ತದೆ. ನಾನು ಆಫೀಸಿನಲ್ಲಿ ಗುಮಾಸ್ತ. ಇಪ್ಪತ್ತು ವರ್ಷದಿಂದ ಸುತ್ತೋಲೆ ಓದುತ್ತಿದ್ದೇನೆ. ಕೇಳಲಿಕ್ಕೆ ಸರಿ ಕಾಣುವ ಸುತ್ತೋಲೆ ಬಂದರೆ ಎರಡು ಸಲ ಓದಬೇಕು ಅಂತ ನನಗೆ ಗೊತ್ತುಂಟು.

ಈಗ ನಮ್ಮೂರಿಗೆ ಬನ್ನಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ. ಇಲ್ಲಿ ದೀಪಾವಳಿ ಕಳೆದು ಪತ್ತನಾಜೆಯವರೆಗೆ ಕೋಲ, ನೇಮ. ದೈವ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು, ಎಲ್ಲರೂ ನಮ್ಮವರು. ಗದ್ದೆಯಲ್ಲಿ ನೇಜಿ ನೆಡುತ್ತಾ ಪಾಡ್ದನ ಹೇಳಿದವರು ನಮ್ಮ ಅಜ್ಜಿಯಂದಿರು. ದೈವದ ಬಣ್ಣ ಹಾಕುವ ಹೊತ್ತಿಗೆ ತೆಂಬರೆ ಬಾರಿಸಿಕೊಂಡು ಆ ದೈವ ಹುಟ್ಟಿದ, ಇಳಿದು ಬಂದ ಕಥೆ ಹಾಡುವವರು ಆ ಮನೆಯ ಹೆಂಗಸರು. ಇಷ್ಟು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಎಲ್ಲರಿಗೂ ಗೊತ್ತಿಲ್ಲದ ಸಂಗತಿ, ಇದನ್ನೆಲ್ಲ ಓದಲು ಜಗತ್ತು ನಮ್ಮ ಅಂಗಳಕ್ಕೆ ಬಂದು ನೂರೈವತ್ತು ವರ್ಷ ಆಗ್ತಾ ಬಂತು. ಮಂಗಳೂರಿನಲ್ಲಿ ಜಡ್ಜ್ ಆಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿದ ಭೂತಾರಾಧನೆಯ ಪಠ್ಯಗಳು ಅವರು ತೀರಿಹೋದ ಮೇಲೆ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದವು. ತಲೆಬರಹದಲ್ಲೇ ಅದನ್ನು ತುಳುವರ ‘ಡೆವಿಲ್ ವರ್ಶಿಪ್’ ಅಂತ ಕರೆದಿದ್ದರು ಎನ್ನುವುದು ಬೇರೆ ಮಾತು. ಬಾಸೆಲ್ ಮಿಷನ್ನಿನ ಮ್ಯಾನರ್ 1886ರಲ್ಲಿಯೇ ಪಾಡ್ದನ ಅಚ್ಚು ಹಾಕಿಸಿದರು. ಆಮೇಲೆ ಅಮೆರಿಕದ ಪೀಟರ್ ಕ್ಲಾಸ್ ಬಂದರು, ಜರ್ಮನಿಯ ಹೈಡ್ರುನ್ ಬ್ರೂಕ್ನರ್ ಬಂದರು, ಜಪಾನಿನ ಮಿಹೋ ಇಶಿಯಿ ಬಂದರು. ಇವರು ಇಲ್ಲಿ ವರ್ಷಗಟ್ಟಲೆ ಕೂತು, ತುಳು ಕಲಿತು, ಕಷ್ಟಪಟ್ಟು ಕೆಲಸ ಮಾಡಿದವರು. ನನಗೆ ಅವರ ಮೇಲೆ ಎಂತ ತಕರಾರೂ ಇಲ್ಲ. ನಮ್ಮ ಅಜ್ಜಿಯ ಬಾಯಲ್ಲಿದ್ದದ್ದು ಮಣ್ಣಾಗದೆ ಉಳಿದದ್ದರಲ್ಲಿ ಅವರ ಪಾಲೂ ಉಂಟು.

ನನ್ನ ಪ್ರಶ್ನೆ ಇಷ್ಟೇ. ಜರ್ಮನಿಯವರು ಜರ್ಮನಿಯ ಹಣದಲ್ಲಿ ಇಲ್ಲಿಗೆ ಬಂದು ಪಾಡ್ದನ ಓದಬಹುದು. ಜಪಾನಿನವರು ಕ್ಯೋಟೋದಲ್ಲಿ ಕೂತು ನಮ್ಮ ದೈವದ ಬಗ್ಗೆ ಪುಸ್ತಕ ಬರೆಯಬಹುದು. ದೈವ ಕಟ್ಟುವವನ ಮಗಳು ಮಾತ್ರ ತನ್ನ ದೇಶದ ಸರ್ಕಾರದ ಹಣದಲ್ಲಿ ಅದೇ ಜರ್ಮನಿಗೆ ಹೋಗಿ ಅದೇ ಪಾಡ್ದನ ಓದಬಾರದು. ಇದು ಯಾವ ಲೆಕ್ಕ?

‘ಇಲ್ಲಿಯೇ ಓದಲಿ’ ಅಂತೀರಿ. ಓದಲಿ, ಓದಿದ್ದಾರೆ, ಓದ್ತಾ ಇದ್ದಾರೆ. ಆದರೆ 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿನ ಕೆಳಗಿತ್ತು. ಅದರ ಆಡಳಿತದ ದಾಖಲೆಗಳ ಒಂದು ದೊಡ್ಡ ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಂಟು. ಮಿಷನ್ನಿನವರ ಕಾಗದ ಪತ್ರ, ಫೋಟೋ ಸ್ವಿಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಉಂಟು. ನಮ್ಮ ಮುತ್ತಜ್ಜಂದಿರ ಫೋಟೋ ಏನಾದರೂ ಈ ಭೂಮಿಯ ಮೇಲೆ ಇದ್ದರೆ ಅದು ಅಲ್ಲೇ ಇರಬೇಕು. ನಮ್ಮ ಮನೆಗಳ ಗೋಡೆಯಲ್ಲಂತೂ ಇಲ್ಲ.

ಇನ್ನು ಅಂಬೇಡ್ಕರ್ ವಿಷಯ. ಹೊರದೇಶದ ಓದು ಅಂದ ಕೂಡಲೇ ನಾವು ಕೊಲಂಬಿಯಾ ಅಂತೇವೆ, ಫೋಟೋ ಹಾಕ್ತೇವೆ. ಅವರು ಅಲ್ಲಿ ಓದಿದ್ದೇನು ಅಂತ ನೋಡಿ. 1913ರಲ್ಲಿ ಬರೋಡಾದ ಸಯ್ಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ಕಳಿಸಿದರು. ವಾಪಸ್ ಬಂದು ಹತ್ತು ವರ್ಷ ಸಂಸ್ಥಾನದಲ್ಲಿ ಕೆಲಸ ಮಾಡಬೇಕು ಅಂತ ಕರಾರು. 1916ರ ಮೇ 9ರಂದು, 25 ವರ್ಷದ ಹುಡುಗ, ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ‘ಭಾರತದಲ್ಲಿ ಜಾತಿಗಳು’ ಎಂಬ ಪ್ರಬಂಧ ಓದಿದರು. ಜಾತಿ ಹೇಗೆ ಹುಟ್ಟಿತು, ಹೇಗೆ ಹಬ್ಬಿತು ಅಂತ. ಅವರ ಉಳಿದ ಪ್ರಬಂಧಗಳ ಹೆಸರು ನೋಡಿ: ಪ್ರಾಚೀನ ಭಾರತದ ವ್ಯಾಪಾರ, ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸು, ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸು, ಆಮೇಲೆ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ. ಎಲ್ಲವೂ ಭಾರತ. ಸಮುದ್ರ ದಾಟಿ ಹೋಗಿ ಆ ಮನುಷ್ಯ ಓದಿದ್ದು ತನ್ನ ದೇಶವನ್ನೇ. 2022ರ ಆ ಸಾಲು 1913ರಲ್ಲಿ ಇದ್ದಿದ್ದರೆ ಜಾತಿಯ ಪ್ರಬಂಧ ಹೊರಗೆ, ಪ್ರಾಚೀನ ವ್ಯಾಪಾರ ಹೊರಗೆ. ರೂಪಾಯಿ ಒಳಗೆ ಬರುತ್ತಿತ್ತೋ ಇಲ್ಲವೋ, ಅದು ಫೈಲ್ ಯಾರ ಮೇಜಿಗೆ ಹೋಗುತ್ತದೆ ಎಂಬುದರ ಮೇಲೆ.

ಇನ್ನೊಂದು ಸಂಗತಿ ಕಂಡು ನನಗೆ ನಗು ಬಂತು. ಆ ಜಾತಿಯ ಪ್ರಬಂಧ 1917ರಲ್ಲಿ ಅಚ್ಚಾದದ್ದು ಎಲ್ಲಿ? ಅದೇ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ. ಇಪ್ಪತ್ತು ವರ್ಷದ ಹಿಂದೆ ನಮ್ಮ ದೈವಗಳನ್ನು ‘ಡೆವಿಲ್’ ಅಂತ ಅಚ್ಚು ಹಾಕಿದ ಪತ್ರಿಕೆಯಲ್ಲಿಯೇ ಒಬ್ಬ ಮಹಾರ್ ಹುಡುಗ ಜಾತಿಯ ಬುಡ ಯಾವುದು ಅಂತ ಬರೆದ. ಬರೆಸಿಕೊಳ್ಳುತ್ತಿದ್ದವರ ಸಾಲಿನಿಂದ ಎದ್ದು ಬಂದು ಬರೆಯುವವರ ಜಾಗದಲ್ಲಿ ಕೂತದ್ದು ಅದು.

ಈಗ ಒಬ್ಬಳು ಹುಡುಗಿಯ ವಿಷಯ ಹೇಳ್ತೇನೆ. ಹೆಸರು, ಊರು, ಯುನಿವರ್ಸಿಟಿ, ಯಾವ ಸ್ಕೀಮು ಅಂತ ಯಾವುದನ್ನೂ ಹಾಕುವುದಿಲ್ಲ. ಅವಳು ಇನ್ನೂ ಅಲ್ಲೇ ಇದ್ದಾಳೆ, ಅವಳಿಗೆ ತೊಂದರೆ ಆಗಬಾರದು. ದಯವಿಟ್ಟು ಕಮೆಂಟಿನಲ್ಲಿ ಊಹೆ ಮಾಡಬೇಡಿ. ಬರೆಯಲಿಕ್ಕೆ ಅವಳ ಒಪ್ಪಿಗೆ ಉಂಟು.

ಬೆಳ್ತಂಗಡಿ ತಾಲೂಕು. ಅಪ್ಪ ದೈವ ಕಟ್ಟುವವರು, ಮಳೆಗಾಲದಲ್ಲಿ ಕೂಲಿ. ಅಮ್ಮ ಬೀಡಿ ಕಟ್ಟುವುದು. ಅಜ್ಜಿಗೆ ತೆಂಬರೆ ಹಿಡಿದರೆ ರಾತ್ರಿಯಿಡೀ ಹಾಡುವಷ್ಟು ಸಂಧಿ ಬಾಯಿಪಾಠ. ಹುಡುಗಿ ಎಂ.ಎ.ಯಲ್ಲಿ ಒಳ್ಳೆಯ ಮಾರ್ಕು. ಪಾಡ್ದನ ಹಾಡುವ ಹೆಂಗಸರ ಮೇಲೆ ಕೆಲಸ ಮಾಡಬೇಕು ಅಂತ ಅವಳ ಆಸೆ. ಯಾಕೆಂದರೆ ಎಲ್ಲರೂ ಕುಣಿಯುವ ಗಂಡಸನ್ನು ನೋಡ್ತಾರೆ, ಅಣಿ ನೋಡ್ತಾರೆ, ಗಗ್ಗರ ನೋಡ್ತಾರೆ. ಪಕ್ಕದಲ್ಲಿ ಚಾಪೆ ಮೇಲೆ ಕೂತು ಹಾಡುವವಳನ್ನು ಯಾರೂ ನೋಡುವುದಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಅವಳ ಮೇಲೆ ಪ್ರೀತಿ ಇದ್ದ ಒಬ್ಬರು ಮೇಷ್ಟ್ರೇ ಹೇಳಿದರು, “ಭೂತ, ಜಾತಿ ಅಂತೆಲ್ಲ ಬರೆದ್ರೆ ಫೈಲು ವಾಪಸ್ ಬರ್ತದೆ ಮಗಾ. ಮೊದಲು ಹೋಗು, ಆಮೇಲೆ ನೋಡುವ.” ಅವಳು ವಿಷಯ ಬದಲಾಯಿಸಿದಳು. ಡೆವಲಪ್‌ಮೆಂಟ್ ಸ್ಟಡೀಸ್ ಅಂತ ಹಾಕಿದಳು. ಸೀಟು ಸಿಕ್ಕಿತು, ವೇತನ ಸಿಕ್ಕಿತು, ಇಂಗ್ಲೆಂಡಿಗೆ ಹೋದಳು. ಅವಳ ಪ್ರಬಂಧದ ವಿಷಯ ಏನು ಗೊತ್ತುಂಟಾ? ಘಾನಾ ದೇಶದ ಮೀನು ಮಾರುವ ಹೆಂಗಸರ ಸಂಘಗಳು. ಘಾನಾವನ್ನು ಅವಳು ಮ್ಯಾಪಿನಲ್ಲಿ ಮಾತ್ರ ನೋಡಿದ್ದು. “ಒಳ್ಳೆಯ ವಿಷಯ ಅಣ್ಣ, ನಮ್ಮ ಮಲ್ಪೆಯ ಹೆಂಗಸರ ಹಾಗೇ ಇದ್ದಾರೆ ಅವರು,” ಅಂತಾಳೆ. ಅವಳು ಎಲ್ಲದರಲ್ಲಿಯೂ ಒಳ್ಳೆಯದನ್ನೇ ಹುಡುಕುವ ಹುಡುಗಿ. ನನಗೆ ಅಷ್ಟು ಒಳ್ಳೆಯ ಬುದ್ಧಿ ಇಲ್ಲ.

ಹೋಗಿ ಮೂರು ತಿಂಗಳಾದಾಗ ಅವಳ ಯುನಿವರ್ಸಿಟಿಯಲ್ಲಿ, ಬೇರೆ ವಿಭಾಗದವರು, ಒಂದು ಸಿನೆಮಾ ತೋರಿಸಿದರು. ಯುರೋಪಿನ ಒಬ್ಬ ವಿದ್ಯಾರ್ಥಿ ಸಂಶೋಧನೆಗಾಗಿ ಮಾಡಿದ ಸಣ್ಣ ಸಾಕ್ಷ್ಯಚಿತ್ರ. ಕರಾವಳಿಯ ಕೋಲ. ಇವಳು ಪೋಸ್ಟರ್ ನೋಡಿ ಓಡಿ ಹೋಗಿ ಕೂತಿದ್ದಾಳೆ. ಚಿತ್ರ ಚಂದ ಇತ್ತಂತೆ. ಅದರಲ್ಲಿ ಬಣ್ಣ ಹಾಕುವ ಹೊತ್ತಿಗೆ ತೆಂಬರೆ ಹಿಡಿದು ಹಾಡುವ ಒಬ್ಬರು ವಯಸ್ಸಾದ ಹೆಂಗಸು ಎರಡು ನಿಮಿಷ ಬರುತ್ತಾರೆ. ಕೆಳಗೆ ಇಂಗ್ಲಿಷಿನಲ್ಲಿ ‘ವಾದ್ಯ ಸಂಗೀತ’ ಅಂತ ಮಾತ್ರ ಬರೆದದ್ದು. ಅವರು ಹಾಡುತ್ತಿದ್ದದ್ದು ವಾದ್ಯ ಸಂಗೀತ ಅಲ್ಲ, ದೈವದ ಹುಟ್ಟಿನ ಕಥೆ. ಯಾವ ಊರಿಂದ ಯಾವ ಊರಿಗೆ ಬಂತು, ಯಾರು ಮೋಸ ಮಾಡಿದರು, ಎಲ್ಲ. ಕೊನೆಗೆ ಹೆಸರುಗಳು ಬಂದವು. ಕೋಲ ನಡೆಸಿದ ಗುತ್ತಿನ ಮನೆಯವರ ಹೆಸರು ಇತ್ತು. ಕರೆದುಕೊಂಡು ಹೋದವರ ಹೆಸರು ಇತ್ತು. ಕುಣಿದವರ ಹೆಸರು ಅರ್ಧ ಇತ್ತು. ಹಾಡಿದ ಹೆಂಗಸಿನ ಹೆಸರು ಇರಲಿಲ್ಲ.

ಪ್ರಶ್ನೆ ಕೇಳಿ ಅಂದಾಗ ಇವಳು ಎದ್ದು ನಿಂತು ಹೇಳಿದಳಂತೆ, ಅದು ವಾದ್ಯ ಅಲ್ಲ, ಕಥೆ, ನಾನು ಅರ್ಥ ಹೇಳಬಲ್ಲೆ. ಹೇಳಿದಳು. ಸಭೆ ಮುಗಿದ ಮೇಲೆ ಒಬ್ಬರು ಪ್ರೊಫೆಸರು ಬಂದು ಕೇಳಿದರು, ನೀನು ಇದರ ಮೇಲೆ ಯಾಕೆ ಕೆಲಸ ಮಾಡುವುದಿಲ್ಲ? ಇವಳು ಎಂತ ಹೇಳಬೇಕು? ನನ್ನ ಸರ್ಕಾರದ ಒಂದು ಸಾಲಿಗೆ ಹೆದರಿ ಅಂತ ಹೇಳಬೇಕಾ? ಘಾನಾ ಇಷ್ಟ ಅಂತ ಹೇಳಿದಳಂತೆ. ಆ ರಾತ್ರಿ ನನಗೆ ಫೋನು. ಇಲ್ಲಿ ಗಂಟೆ ಎರಡು ದಾಟಿತ್ತು. ಹತ್ತು ನಿಮಿಷ ಅವಳು ಮಾತೇ ಆಡಲಿಲ್ಲ.

ಆಮೇಲೆ ಅವಳು ಒಂದು ಕೆಲಸ ಮಾಡಿದಳು. ಅಮ್ಮನ ಮೂಲಕ ನಾಲ್ಕು ಕಡೆ ವಿಚಾರಿಸಿ ಆ ಹಾಡಿದ ಅಜ್ಜಿ ಯಾರು ಅಂತ ಪತ್ತೆ ಮಾಡಿ, ಪೂರ್ತಿ ಹೆಸರು ಬರೆದು ಆ ಚಿತ್ರ ಮಾಡಿದವರಿಗೆ ಮೇಲ್ ಹಾಕಿದಳು. ಅವರು ಮೂರೇ ದಿನದಲ್ಲಿ ಕ್ಷಮೆ ಕೇಳಿ ಹೆಸರು ಸೇರಿಸಿದರು. ಹಾಗಾದ್ದರಿಂದ ನನ್ನ ಸಿಟ್ಟು ಆ ಯುರೋಪಿನ ವಿದ್ಯಾರ್ಥಿಯ ಮೇಲೆ ಅಲ್ಲ. ಹೆಸರು ಗೊತ್ತಿಲ್ಲದವರು ಬರೆದರೆ ಹೆಸರು ಬಿಟ್ಟುಹೋಗ್ತದೆ. ಹೆಸರು ಗೊತ್ತಿರುವವಳನ್ನು ಬರೆಯಬೇಡ ಅಂದದ್ದು ಯಾರು ಎನ್ನುವುದೇ ಇಲ್ಲಿ ಕೇಳಬೇಕಾದ್ದು.

‘ಕಾಂತಾರ’ ಬಂದ ಮೇಲೆ 2022ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಬೇಡ ಅನ್ನುವುದಿಲ್ಲ, ಬಡವರ ಮನೆಗೆ 2,000 ದೊಡ್ಡದು. ಆದರೆ ಒಂದೇ ವರ್ಷದಲ್ಲಿ ಆದದ್ದು ನೋಡಿ. ಫೆಬ್ರವರಿಯಲ್ಲಿ ದೆಹಲಿಯಿಂದ, ನಿಮ್ಮ ಮಕ್ಕಳು ಹೊರಗೆ ಹೋಗಿ ಇದನ್ನು ಓದುವುದು ಬೇಡ. ಅಕ್ಟೋಬರಿನಲ್ಲಿ ಬೆಂಗಳೂರಿನಿಂದ, ನಿಮ್ಮ ಅಜ್ಜ ಕುಣಿದು ಸುಸ್ತಾದ ಮೇಲೆ 2,000 ತಗೊಳ್ಳಿ. ಕುಣಿಯಲಿಕ್ಕೆ ನಾವು, ಓದಲಿಕ್ಕೆ ಬೇರೆಯವರು.

ಅಲ್ಲಿಯ ಬದುಕಿನ ಬಗ್ಗೆಯೂ ಹೇಳಬೇಕು. ಇಲ್ಲದಿದ್ದರೆ ಹೊರದೇಶ ಅಂದರೆ ಜಾತಿ ಇಲ್ಲದ ಸ್ವರ್ಗ ಅಂತ ನಮ್ಮ ಹುಡುಗರು ತಿಳಿಯುತ್ತಾರೆ.

ಒಳ್ಳೆಯದು ಮೊದಲು. ಅವಳು ಓದಿನ ನಡುವೆ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾಳೆ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. “ನಾನು ತೊಳೆದ ತಟ್ಟೆಯಲ್ಲಿ ಪ್ರೊಫೆಸರೂ ಉಣ್ತಾರೆ ಅಣ್ಣ, ನಾನೂ ಅದರಲ್ಲೇ ಉಣ್ತೇನೆ, ಯಾರೂ ಒಂದು ಕ್ಷಣ ತಿರುಗಿ ನೋಡುವುದಿಲ್ಲ.” ಕೋಲದ ಮನೆಯ ಅಂಗಳದ ಬದಿಯಲ್ಲಿ ಬಾಳೆ ಎಲೆ ಹಾಕಿಸಿಕೊಂಡು ಬೆಳೆದ ಹುಡುಗಿ ಇದನ್ನು ಹೇಳುವಾಗ ದನಿ ಹೇಗಿತ್ತು ಅಂತ ನಾನು ಬರೆಯಲಾರೆ. ಬಾಬಾಸಾಹೇಬರೂ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಇದನ್ನೇ ಬರೆದಿದ್ದಾರೆ. ಯುರೋಪು, ಅಮೆರಿಕದಲ್ಲಿ ಕಳೆದ ಐದು ವರ್ಷದಲ್ಲಿ ತಾನು ಅಸ್ಪೃಶ್ಯ ಎಂಬುದೇ ಮನಸ್ಸಿನಿಂದ ಅಳಿಸಿಹೋಗಿತ್ತು ಅಂತ. ಬರೋಡಾದ ಸ್ಟೇಷನ್ನಿನಲ್ಲಿ ಇಳಿದಾಗ ಎಲ್ಲಿ ಉಳಿಯುವುದು ಎಂಬ ಪ್ರಶ್ನೆಯೊಂದಿಗೆ ಅದು ವಾಪಸ್ ಬಂತು. ಪಾರ್ಸಿಗಳ ವಸತಿಗೃಹದಲ್ಲಿ ಸುಳ್ಳು ಹೆಸರಲ್ಲಿ ಉಳಿದು, ದೊಣ್ಣೆ ಹಿಡಿದು ಬಂದವರ ಎದುರು ಹೊರಗೆ ಬಿದ್ದ ಕಥೆ ನಿಮಗೆಲ್ಲ ಗೊತ್ತುಂಟು.

ಕೆಟ್ಟದು ಇನ್ನೂ ಉಂಟು. ಮನೆ ಹುಡುಕುವಾಗ ಭಾರತದ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ‘ಶುದ್ಧ ಸಸ್ಯಾಹಾರಿಗಳು ಮಾತ್ರ’ ಅಂತ. ಅದರ ಅರ್ಥ ಬಿಡಿಸಿ ಹೇಳುವುದು ಬೇಡ. ನಮ್ಮ ಕರಾವಳಿಯವಳೇ ಒಬ್ಬಳು ಸಿಕ್ಕಿದಳಂತೆ, ತುಳು ಕೇಳಿ ಇವಳಿಗೆ ಕಣ್ಣಲ್ಲಿ ನೀರು ಬಂತಂತೆ. ಎರಡನೇ ಭೇಟಿಯಲ್ಲಿಯೇ ಆ ಹುಡುಗಿ ನಗುತ್ತಾ ಕೇಳಿದ್ದು, ‘ನಿಮ್ಮದು ಯಾವ ಬರಿ?’ ಘಟ್ಟದ ಮೇಲಿನ ಗೆಳೆಯರಿಗೆ ಹೇಳುವುದಾದರೆ, ಬರಿ ಅಂದರೆ ಬಳಿ, ತಾಯಿ ಕಡೆಯ ಕುಲ. ನಮ್ಮಲ್ಲಿ ಜಾತಿ ಕೇಳುವ ಮರ್ಯಾದೆಯ ವಿಧಾನ ಅದು. ಸಾವಿರಾರು ಕಿಲೋಮೀಟರ್ ಹಾರಿ ಹೋದರೂ ಬರಿ ಹಿಂದೆಯೇ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿತು.

ಅಲ್ಲಿಯ ಕಾನೂನು ಇದಕ್ಕೆ ಏನು ಹೇಳ್ತದೆ? ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯಿದೆಗೆ ಜಾತಿಯನ್ನು ಸೇರಿಸಲೇಬೇಕು ಅಂತ 2013ರಲ್ಲಿ ಪಾರ್ಲಿಮೆಂಟು ಹೇಳಿತು. 2018ರಲ್ಲಿ ಅಲ್ಲಿನ ಸರ್ಕಾರ ಬೇಡ, ಕೋರ್ಟಿನ ತೀರ್ಪುಗಳೇ ಸಾಕು ಅಂತ ಕೈಬಿಟ್ಟಿತು. ಅಮೆರಿಕದಲ್ಲಿ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯ ನಿಷೇಧಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮಸೂದೆಗೆ ಗವರ್ನರ್ ಸಹಿ ಹಾಕದೆ ವಾಪಸ್ ಕಳಿಸಿದರು. ಬ್ರಾಂಡೈಸ್ ಯುನಿವರ್ಸಿಟಿ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ 2022ರಲ್ಲಿ ತಮ್ಮ ನಿಯಮಕ್ಕೆ ಜಾತಿಯನ್ನು ಸೇರಿಸಿದವು. ಇದೆಲ್ಲ ಆದದ್ದು ಯಾರಿಂದ? ಅಲ್ಲಿಗೆ ಹೋದ ನಮ್ಮ ಹುಡುಗ ಹುಡುಗಿಯರು ಜಾತಿಯ ಬಗ್ಗೆ ಬಾಯಿ ಬಿಟ್ಟದ್ದರಿಂದ, ಬರೆದದ್ದರಿಂದ. ಈಗ ಆ ಮಾರ್ಗಸೂಚಿಯ ಸಾಲನ್ನು ಇನ್ನೊಮ್ಮೆ ಓದಿ. ಅದು ಗ್ರಂಥಾಲಯದ ಮಾತು ಅಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ.

ಇನ್ನು ಕಾಗದದ ಕಥೆ. ಇದು ನನ್ನ ಕಸುಬು, ಸ್ವಲ್ಪ ಸಹಿಸಿಕೊಳ್ಳಿ. ಆ ಹುಡುಗಿಯ ಫೈಲಿಗೆ ನಾನು ಹನ್ನೊಂದು ತಿಂಗಳು ಓಡಾಡಿದ್ದೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿಗೆ ಒಂದು ಅಕ್ಷರ ಜಾಸ್ತಿ. ಒಬ್ಬಳೇ ಹುಡುಗಿ, ಕಾಗದದಲ್ಲಿ ಮೂರು ಜನ. ಅಫಿಡವಿಟ್, ನೋಟರಿ, ಮತ್ತೆ ನಾಡಕಚೇರಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ 17,000 ರೂಪಾಯಿ ದಾಟಿತು, ಅದು ಫೇಲಾದರೂ ವಾಪಸ್ ಇಲ್ಲ. ಬೀಡಿ ಕಟ್ಟಿ ಆ ದುಡ್ಡು ಮಾಡಲು ಎಷ್ಟು ತಿಂಗಳು ಬೇಕು ಅಂತ ನಿಮ್ಮ ಅಮ್ಮನನ್ನು ಕೇಳಿ. ಟಿಬಿ ಪರೀಕ್ಷೆಗೆ ಬೆಂಗಳೂರು, ವೀಸಾಕ್ಕೆ ಬೆಂಗಳೂರು, ರಾತ್ರಿ ಬಸ್ಸು, ಮರುದಿನ ರಾತ್ರಿ ಬಸ್ಸು. ಕೊನೆಗೆ ಜಾಮೀನು. ಸಂಬಳ ಇರುವ, ತೆರಿಗೆ ಕಟ್ಟುವ ಇಬ್ಬರು ಸಹಿ ಹಾಕಬೇಕು. ಅವಳ ಇಡೀ ಕಾಲನಿಯಲ್ಲಿ ಸ್ಯಾಲರಿ ಸ್ಲಿಪ್ಪು ಇರುವವರು ಒಬ್ಬರೂ ಇಲ್ಲ. ಒಂದು ಸಹಿ ನನ್ನದು. ಇನ್ನೊಂದಕ್ಕೆ ಬಿ.ಸಿ.ರೋಡಿನಲ್ಲಿ ನಾನು ಯಾರ ಯಾರ ಬಾಗಿಲು ಬಡಿದೆ ಅಂತ ನನಗೆ ನೆನಪುಂಟು. ಯಾರು ಬಾಗಿಲು ತೆರೆದು ಟೀ ಕೊಟ್ಟು ‘ನೋಡುವ’ ಅಂದರು ಎನ್ನುವುದೂ ನೆನಪುಂಟು. ಅಲ್ಲಿಗೆ ಹೋದ ಮೇಲೆಯೂ ಅದೇ ರಾಗ. ಬಾಡಿಗೆ ಮನೆಗೆ ಬ್ರಿಟನ್ನಿನಲ್ಲೇ ಇರುವ ಜಾಮೀನುದಾರ ಬೇಕು, ಇಲ್ಲವಾ ಆರು ತಿಂಗಳ ಬಾಡಿಗೆ ಒಟ್ಟಿಗೆ ಇಡು ಅಂತ ಅವಳಿಗೆ ಆಗ ಹೇಳಿದ್ದರು. ವೇತನದ ಕಂತು ಬರಲು ತಡವಾಗಿ ಮೊದಲ ಐದು ವಾರ ಅವಳು ಇನ್ನೊಬ್ಬಳ ಕೋಣೆಯ ನೆಲದಲ್ಲಿ ಮಲಗಿದಳು. ಆ ಇನ್ನೊಬ್ಬಳು ನೈಜೀರಿಯಾದವಳು, ಬರಿ ಕೇಳಲಿಲ್ಲ.

ಆಯ್ಕೆಯಾದರೂ ನಂಬುವ ಹಾಗಿಲ್ಲ. 2025ರ ಜುಲೈಯಲ್ಲಿ ಕೇಂದ್ರದ ಪಟ್ಟಿಯಲ್ಲಿ 106 ಮಂದಿ ಆಯ್ಕೆಯಾಗಿದ್ದರು. ಮೊದಲಿಗೆ ಪತ್ರ ಸಿಕ್ಕಿದ್ದು 40 ಮಂದಿಗೆ. ಉಳಿದ 66 ಮಂದಿಗೆ ಹೇಳಿದ್ದು, ಹಣ ಲಭ್ಯವಾದರೆ ಕೊಡುತ್ತೇವೆ. ಸೆಪ್ಟೆಂಬರಿಗೆ ಕ್ಲಾಸು ಶುರು. ಯುನಿವರ್ಸಿಟಿಗಳು ನಮ್ಮ ಬಜೆಟ್ಟಿಗೆ ಕಾಯುವುದಿಲ್ಲ.

‘ಹೋದವರು ವಾಪಸ್ ಬರುವುದಿಲ್ಲ, ಸಮುದಾಯಕ್ಕೆ ಏನು ಲಾಭ’ ಅಂತ ನಮ್ಮವರೇ ಕೇಳುತ್ತಾರೆ. ಬಂಟ್ವಾಳ ಪೇಟೆಯಲ್ಲಿ ನಿಂತು ಸುತ್ತ ನೋಡಿ. ಎಷ್ಟು ಮಹಡಿ ಮನೆಗಳು ದುಬೈ, ಮಸ್ಕತ್ ಹಣದಲ್ಲಿ ಎದ್ದದ್ದು? ಅವರನ್ನು ಯಾರಾದರೂ ‘ನೀನು ವಾಪಸ್ ಬಂದು ಊರಿಗೆ ಸೇವೆ ಮಾಡು’ ಅಂತ ಕೇಳಿದ್ದಾರಾ? ದಲಿತ ಹುಡುಗಿ ಹೋದರೆ ಮಾತ್ರ ಹೆಗಲ ಮೇಲೆ ಇಡೀ ಸಮುದಾಯ. ಅವಳು ಬಂದರೆ ಸಂತೋಷ. ಬರದೆ ಅಲ್ಲೇ ನೆಮ್ಮದಿಯಲ್ಲಿ ತಟ್ಟೆ ತೊಳೆದುಕೊಂಡು, ಪಾಠ ಮಾಡಿಕೊಂಡು ಇದ್ದರೆ ಅದೂ ಸಂತೋಷ. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರ ಆಸೆ ಅವರ ಸಮಾಧಿಯ ಮೇಲೆ ಕೆತ್ತಿಟ್ಟಿದೆ. ನಮ್ಮ ಮಕ್ಕಳು ಓದಿ ಸರ್ಕಾರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಬೇಕು ಅಂತ. ಆ ಕಾರು ಬಜ್ಪೆ ಏರ್‌ಪೋರ್ಟಿಗೆ ಹೋಗಬಾರದು ಅಂತ ಅವರು ಹೇಳಿದ ಹಾಗಿಲ್ಲ.

ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಕೇಂದ್ರದ ಮಾರ್ಗಸೂಚಿಯಿಂದ ಆ ಒಂದು ಸಾಲು ಹೋಗಬೇಕು. ಇದಕ್ಕೆ ನಮ್ಮ ಸಂಸದರ ಬಾಯಿ ತೆರೆಸುವ ಕೆಲಸ ನಮ್ಮದು. ರಾಜ್ಯಕ್ಕೆ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಉಂಟು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳನ್ನು ಹೊರದೇಶಕ್ಕೆ ಕಳಿಸಲಿಕ್ಕೇ ಇರುವುದು. ಅದರ ನಿಯಮದಲ್ಲಿ ಜಾತಿ, ಜಾನಪದ, ತುಳು, ನಮ್ಮ ಚರಿತ್ರೆ ಓದುವವರಿಗೂ ಸ್ವಾಗತ ಅಂತ ಬಾಯಿ ಬಿಟ್ಟು ಬರೆಯಲಿ. ಬರೆದದ್ದು ಇದ್ದರೆ ಮೇಷ್ಟ್ರು ಹೆದರಿಸುವುದಿಲ್ಲ, ಹುಡುಗಿ ಹೆದರುವುದಿಲ್ಲ. ಜಾಮೀನಿನ ಷರತ್ತು ತೆಗೆಯಲಿ. ಸಂಬಳದ ನೆಂಟರಿದ್ದವರಿಗೆ ಮಾತ್ರ ಸಿಗುವುದಾದರೆ ಅದು ಬಡವರ ವೇತನ ಹೇಗಾಯಿತು?

ಅಷ್ಟರವರೆಗೆ ನಮ್ಮ ಕೈಲಾದದ್ದು. ಬರುವ ತಿಂಗಳಿನಿಂದ ಎರಡನೇ ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಬಿ.ಸಿ.ರೋಡಿನಲ್ಲಿ ಕೂರುತ್ತೇವೆ. ಒಬ್ಬರು ವಕೀಲರು, ಒಬ್ಬರು ಮೇಡಂ, ಇಬ್ಬರು ನನ್ನ ಹಾಗೆ ಗುಮಾಸ್ತರು. ಡಿಗ್ರಿ ಎರಡನೇ ವರ್ಷದಲ್ಲಿ ಇರುವವರೇ ಬನ್ನಿ, ಕೊನೆಯ ವರ್ಷದವರೆಗೆ ಕಾಯಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ತನ್ನಿ. ಮೊದಲು ಹೆಸರು ಒಂದೇ ಆಗಿದೆಯಾ ನೋಡುವ, ಉಳಿದದ್ದು ಆಮೇಲೆ. ಸ್ಯಾಲರಿ ಸ್ಲಿಪ್ಪು ಇರುವ ಗೆಳೆಯರು, ಜಾಮೀನಿಗೆ ಸಹಿ ಹಾಕುವ ಧೈರ್ಯ ಇದ್ದವರು, ಇನ್‌ಬಾಕ್ಸಿಗೆ ಒಂದು ಮೆಸೇಜ್ ಹಾಕಿ. ಲೈಕು ಬೇಡ.

ಜೈ ಭೀಮ್.